ಉಂಡ ಮನೆಗೆ ಎರಡು ಬಗೆದರೇ ಬ್ರಿಟನ್ನಿನ ರೈತರು?

ಐರೋಪ್ಯ ಒಕ್ಕೂಟದಿಂದ ಹೊರಬರುವ (ಬ್ರೆಕ್ಸಿಟ್) ವಿಚಾರದಲ್ಲಿ ಬ್ರಿಟನ್ನಿನ ರೈತರು ಇಬ್ಭಾಗವಾದದ್ದರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಲೆಕ್ಕವೆಲ್ಲ ಪೌಂಡ್ ಮತ್ತು ಯೂರೋಗಳಲ್ಲಿದೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ.

ಪ್ರಶ್ನೆ: ಒಕ್ಕೂಟದಿಂದ ವರ್ಷವರ್ಷವೂ ಸಹಾಯಧನ ಪಡೆಯುತ್ತಿದ್ದ ರೈತರೇ ಅದನ್ನು ಬಿಡಬೇಕೆಂದು ಮತ ಹಾಕಿದರಂತೆ. ಇದು ಉಂಡ ಮನೆಗೆ ಎರಡು ಬಗೆದಂತಲ್ಲವೇ?

ಮೊದಲು ಒಂದು ಸ್ಪಷ್ಟನೆ. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತ ಹೊರಬರುವ ಪರವಾಗಿ, ಶೇ 48.1ರಷ್ಟು ಉಳಿಯುವ ಪರವಾಗಿ ಬಿದ್ದವು. ಇದರಲ್ಲಿ ರೈತರ ಮತ ಎಷ್ಟೆಂದು ಯಾರೂ ಬೇರ್ಪಡಿಸಿ ಎಣಿಸಿಲ್ಲ. ಕೈಗೆ ಸಿಗುವುದು ಸಮೀಕ್ಷೆಗಳು ಮಾತ್ರ. ಫಾರ್ಮರ್ಸ್ ವೀಕ್ಲಿ ಪತ್ರಿಕೆ ಮತದಾನಕ್ಕೆ ಎರಡು ತಿಂಗಳು ಮೊದಲು ನಡೆಸಿದ ಸಮೀಕ್ಷೆಯಲ್ಲಿ ಶೇ 58ರಷ್ಟು ರೈತರು ಹೊರಬರಬೇಕು ಎಂದಿದ್ದರು, ಶೇ 31ರಷ್ಟು ಮಂದಿ ಉಳಿಯಬೇಕು ಎಂದಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ದೊಡ್ಡ ರೈತ ಸಂಘವಾದ ಎನ್‌ಎಫ್‌ಯು ಅದೇ ಏಪ್ರಿಲ್‌ನಲ್ಲಿ, ಉಳಿಯುವುದೇ ರೈತರ ಹಿತಕ್ಕೆ ಒಳ್ಳೆಯದು ಎಂದು ನಿರ್ಣಯಿಸಿತು. ಆದರೆ ಸದಸ್ಯರಲ್ಲೇ ಒಡಕಿದ್ದ ಕಾರಣ ಪ್ರಚಾರಕ್ಕೆ ಇಳಿಯಲಿಲ್ಲ. ಸರ್ಕಾರದೊಳಗೂ ಇದೇ ಕಥೆ: ಕೃಷಿ ಖಾತೆ ನೋಡುತ್ತಿದ್ದ ರಾಜ್ಯ ಸಚಿವ ಜಾರ್ಜ್ ಯೂಸ್ಟಿಸ್ ಹೊರಬರುವ ಪರ, ಅವರ ಮೇಲಿನ ಸಚಿವೆ ಲಿಜ್ ಟ್ರಸ್ ಆಗ ಉಳಿಯುವ ಪರ.

ಇನ್ನು ಉಂಡ ಮನೆಯ ಮಾತು. ಸಹಾಯಧನ ಬರುತ್ತಿದ್ದುದು ನಿಜ, ವರ್ಷಕ್ಕೆ 300 ಕೋಟಿ ಪೌಂಡ್‌ಗೂ ಹೆಚ್ಚು. ಆದರೆ ಬ್ರಿಟನ್ ಒಕ್ಕೂಟದಿಂದ ಪಡೆಯುತ್ತಿದ್ದುದಕ್ಕಿಂತ ಹೆಚ್ಚು ಹಣವನ್ನು ಅದಕ್ಕೆ ಕೊಡುತ್ತಿತ್ತು. ಆದ್ದರಿಂದ 'ಇದು ನಮ್ಮದೇ ತೆರಿಗೆ ಹಣ, ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗಿ ಷರತ್ತು ಹೊತ್ತುಕೊಂಡು ವಾಪಸ್ ಬರುತ್ತಿದೆ' ಎಂಬ ವಾದ ಹೊರಬರುವ ಪರವಿದ್ದ ರೈತರಿಗೆ ಸಹಜವಾಗಿಯೇ ಕಂಡಿತು. ಅವರ ಸಿಟ್ಟಿದ್ದದ್ದು ಹಣದ ಮೇಲಲ್ಲ, ಷರತ್ತಿನ ಮೇಲೆ. ಬೇಲಿಗಿಡಗಳನ್ನು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕತ್ತರಿಸುವಂತಿರಲಿಲ್ಲ, ಹಕ್ಕಿಗಳು ಗೂಡು ಕಟ್ಟುವ ಕಾಲ ಅದು. ಎಣ್ಣೆಕಾಳು ರೇಪ್‌ಸೀಡ್ ಬಿತ್ತುವವರಿಗೆ ಆಗಸ್ಟ್‌ನಲ್ಲೇ ಹೊಲದಂಚು ಸರಿಪಡಿಸಿಕೊಳ್ಳಬೇಕು. ಹಕ್ಕಿಗೂ ರೈತನಿಗೂ ಅದೇ ತಿಂಗಳು ಬೇಕಾದರೆ ಜಗಳ ತಪ್ಪದು. ದನ, ಕುರಿಗಳ ಕಿವಿಗೆ ಹಾಕಿದ ಗುರುತಿನ ಬಿಲ್ಲೆಯ ಸಂಖ್ಯೆ ದಾಖಲೆಗೆ ತಾಳೆಯಾಗದಿದ್ದರೂ ಸಹಾಯಧನದಲ್ಲಿ ಕಡಿತ ಬೀಳುತ್ತಿತ್ತು.

ಒಂದು ಅಂಶವನ್ನು ಮಾತ್ರ ಹೊರಬರುವ ಪರದವರು ಸರಿಯಾಗಿ ಗಮನಿಸಲಿಲ್ಲ ಎಂಬುದು ನಮ್ಮ ಅಭಿಪ್ರಾಯ. 2015ರಲ್ಲಿ ಇಂಗ್ಲೆಂಡಿನ ಆನ್‌ಲೈನ್ ಅರ್ಜಿ ವ್ಯವಸ್ಥೆ ಕೈಕೊಟ್ಟು, ರೈತರು ಕಾಗದದ ಅರ್ಜಿ ತುಂಬಬೇಕಾಯಿತು. ಹಲವರಿಗೆ ಹಣ ತಿಂಗಳುಗಟ್ಟಲೆ ತಡವಾಯಿತು. ಆ ವ್ಯವಸ್ಥೆ ಕಟ್ಟಿದ್ದು ಲಂಡನ್, ಬ್ರಸೆಲ್ಸ್ ಅಲ್ಲ. ಸಿಟ್ಟು ತಿರುಗಿದ್ದು ಮಾತ್ರ ಬ್ರಸೆಲ್ಸ್ ಕಡೆಗೆ.

ಪ್ರಶ್ನೆ: 'ಮೂರು ಬೆಳೆ ನಿಯಮ' ಎಂಬುದನ್ನು ಎಲ್ಲ ಲೇಖನಗಳಲ್ಲೂ ಬೈದಿರುತ್ತಾರೆ. ಮಿಶ್ರ ಬೆಳೆ ಒಳ್ಳೆಯದೇ ಅಲ್ಲವೇ? ಅದರಲ್ಲಿ ತೊಂದರೆ ಏನಿತ್ತು?

ಲೆಕ್ಕ ಹಾಕಿಯೇ ನೋಡೋಣ. 2015ರಿಂದ ಸಹಾಯಧನದ ಶೇ 30ರಷ್ಟು ಭಾಗಕ್ಕೆ 'ಹಸಿರು' ಷರತ್ತುಗಳು ಅಂಟಿಕೊಂಡವು. ಉಳುವ ಭೂಮಿ 10ರಿಂದ 30 ಹೆಕ್ಟೇರ್ ಇದ್ದರೆ ಕನಿಷ್ಠ ಎರಡು ಬೆಳೆ, 30 ಹೆಕ್ಟೇರ್ ದಾಟಿದರೆ ಕನಿಷ್ಠ ಮೂರು ಬೆಳೆ ಇರಬೇಕು. ಮೂರು ಬೆಳೆಯಲ್ಲಿ ಮುಖ್ಯ ಬೆಳೆ ಶೇ 75ನ್ನು ಮೀರುವಂತಿಲ್ಲ, ಮೊದಲ ಎರಡು ಸೇರಿ ಶೇ 95ನ್ನು ಮೀರುವಂತಿಲ್ಲ.

40 ಹೆಕ್ಟೇರ್ ಹೊಲದ ರೈತನನ್ನು ತೆಗೆದುಕೊಳ್ಳಿ. ಗೋಧಿ ಹೆಚ್ಚೆಂದರೆ 30 ಹೆಕ್ಟೇರ್. ಗೋಧಿ, ಬಾರ್ಲಿ ಸೇರಿ 38. ಉಳಿದ 2 ಹೆಕ್ಟೇರ್‌ಗೆ ಮೂರನೆಯ ಬೆಳೆ ಬಿತ್ತಲೇಬೇಕು. ಈ 2 ಹೆಕ್ಟೇರೇ ತಲೆನೋವು. ಅಷ್ಟಕ್ಕಾಗಿ ಬೇರೆ ಬೀಜ ತರಬೇಕು, ಔಷಧಿ ಸಿಂಪಡಿಸುವ ಟ್ಯಾಂಕ್ ತೊಳೆಯಬೇಕು, ಕೊಯ್ಲು ಯಂತ್ರವನ್ನು ಬೆರಕೆ ಕಾಳಿಲ್ಲದಂತೆ ಬಿಚ್ಚಿ ಶುಚಿ ಮಾಡಬೇಕು, ಕಾಳು ಶೇಖರಿಸಲು ಪ್ರತ್ಯೇಕ ಜಾಗ ಬೇಕು. ಸ್ವಂತ ಯಂತ್ರವಿಲ್ಲದ ಸಣ್ಣ ರೈತ ಬಾಡಿಗೆಯವನನ್ನು ಕರೆದರೆ, ಐದು ಎಕರೆಗಾಗಿ ಬರಲು ಅವನಿಗೂ ಮನಸ್ಸಿಲ್ಲ. ಚಳಿಗಾಲದ ಗೋಧಿ ಮತ್ತು ವಸಂತದ ಗೋಧಿಯನ್ನು ಎರಡು ಬೆಳೆ ಎಂದೇ ಎಣಿಸುತ್ತಿದ್ದರು; ಬಹಳ ಜನ ಆ ದಾರಿ ಹಿಡಿದು ಲೆಕ್ಕ ತುಂಬಿಸಿದರು. ಹಾಗಾದಾಗ ಮಣ್ಣಿಗೆ ಸಿಕ್ಕ ಲಾಭ ಅಷ್ಟಕ್ಕಷ್ಟೆ.

ನಿಯಮದ ದೊಡ್ಡ ಕೊರತೆ ಇನ್ನೊಂದು. ಮಣ್ಣಿಗೆ ಬೇಕಾದದ್ದು ವರ್ಷದಿಂದ ವರ್ಷಕ್ಕೆ ಬೆಳೆ ಬದಲಾವಣೆ. ಈ ನಿಯಮ ಕೇಳಿದ್ದು ಒಂದೇ ವರ್ಷದಲ್ಲಿ ಮೂರು ಬೆಳೆ. ಪ್ರತಿ ವರ್ಷ ಅದೇ ತಾಕಿನಲ್ಲಿ ಗೋಧಿಯ ಮೇಲೆ ಗೋಧಿ ಬೆಳೆದರೂ ಪಕ್ಕದ ತಾಕುಗಳಲ್ಲಿ ಬೇರೆ ಎರಡು ಬೆಳೆಯಿದ್ದರೆ ಹಣ ಬರುತ್ತಿತ್ತು. 10 ಹೆಕ್ಟೇರ್ ಮೀರಿದ ರೈತ ಇಡೀ ಹೊಲಕ್ಕೆ ಒಂದು ವರ್ಷ ಗೋಧಿ, ಮರುವರ್ಷ ಬೀನ್ಸ್ ಹಾಕಿದರೆ ದಂಡ ತೆರಬೇಕಿತ್ತು. ಬೇಸಾಯ ಬಲ್ಲವರಿಗೆ ಇದು ಸಿಟ್ಟು ತರಿಸಿದ್ದು ನ್ಯಾಯವೇ. ಇಂಗ್ಲೆಂಡ್ 2021ರಿಂದ ಈ ನಿಯಮವನ್ನು ಕೈಬಿಟ್ಟಿತು.

ಅದರ ಜೊತೆಗಿದ್ದ ಇನ್ನೊಂದು ಷರತ್ತು ಅಷ್ಟು ಕೆಟ್ಟದ್ದಾಗಿರಲಿಲ್ಲ. 15 ಹೆಕ್ಟೇರ್ ಮೀರಿದವರು ಶೇ 5ರಷ್ಟು ಜಾಗವನ್ನು ಪರಿಸರಕ್ಕೆ ಮೀಸಲಿಡಬೇಕಿತ್ತು. ಇಂಗ್ಲೆಂಡಿನಲ್ಲಿ ಎರಡೂ ಬದಿ ತನ್ನದಾಗಿರುವ ಒಂದು ಮೀಟರ್ ಬೇಲಿಗಿಡವನ್ನು 10 ಚದರ ಮೀಟರ್ ಎಂದು ಲೆಕ್ಕ ಹಿಡಿಯುತ್ತಿದ್ದರು. ಮೇಲಿನ 40 ಹೆಕ್ಟೇರ್ ರೈತನಿಗೆ ಬೇಕಾದ 2 ಹೆಕ್ಟೇರ್, ಎರಡು ಕಿಲೋಮೀಟರ್ ಬೇಲಿಯಲ್ಲೇ ತುಂಬಿಬಿಡುತ್ತಿತ್ತು.

ಪ್ರಶ್ನೆ: ಮತದಾನ ಮುಗಿದ ಕೂಡಲೇ ರೈತರ ಆದಾಯ ಕುಸಿಯಿತೇ?

ಇಲ್ಲ, ಮೊದಲು ಏರಿತು. ಸಹಾಯಧನ ನಿಗದಿಯಾಗುತ್ತಿದ್ದುದು ಯೂರೋದಲ್ಲಿ, ಸೆಪ್ಟೆಂಬರ್ ತಿಂಗಳ ಸರಾಸರಿ ವಿನಿಮಯ ದರದ ಮೇಲೆ. 2015ರಲ್ಲಿ ಒಂದು ಯೂರೋಗೆ 73.1 ಪೆನ್ಸ್ (ನೂರು ಪೆನ್ಸ್ ಎಂದರೆ ಒಂದು ಪೌಂಡ್) ಇದ್ದುದು, ಪೌಂಡ್ ಬಿದ್ದುದರಿಂದ 2016ರಲ್ಲಿ 85.2 ಪೆನ್ಸ್ ಆಯಿತು. 10,000 ಯೂರೋ ಪಡೆಯುವವರಿಗೆ ಸುಮಾರು 7,310 ಪೌಂಡ್ ಬದಲು 8,520 ಪೌಂಡ್ ಸಿಕ್ಕಿತು. ಕುರಿಮಾಂಸ, ಗೋಧಿ ರಫ್ತಿಗೂ ಅನುಕೂಲವಾಯಿತು. ಅದೇ ಕಾರಣಕ್ಕೆ ಗೊಬ್ಬರ, ಟ್ರ್ಯಾಕ್ಟರಿನ ಬಿಡಿಭಾಗ, ಪಶು ಆಹಾರದ ಸೋಯಾ ದುಬಾರಿಯಾದವು. ಆ ಮೊದಲ ವರ್ಷದ ಲಾಭವನ್ನೇ ಬ್ರೆಕ್ಸಿಟ್‌ನ ಫಲ ಎಂದುಕೊಂಡವರೂ ಇದ್ದರು. ಒಕ್ಕೂಟದ ಹಣ ಯೂರೋದಲ್ಲಿ ಬರುತ್ತಿದ್ದುದರಿಂದಲೇ ಅದು ಸಿಕ್ಕಿತ್ತು ಎಂಬುದನ್ನು ಮರೆಯಬಾರದು.

ಪ್ರಶ್ನೆ: ಕುರಿ ಸಾಕುವವರಿಗೆ ಹೆಚ್ಚು ಭಯವಿತ್ತು ಎನ್ನುತ್ತಾರೆ. ಏಕೆ? ಆ ಭಯ ನಿಜವಾಯಿತೇ?

ಬ್ರಿಟನ್ ತನ್ನ ಕುರಿಮಾಂಸದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ರಫ್ತು ಮಾಡುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗುವುದು ಒಕ್ಕೂಟದ ದೇಶಗಳಿಗೆ, ಮುಖ್ಯವಾಗಿ ಫ್ರಾನ್ಸ್‌ಗೆ. ಒಪ್ಪಂದವಿಲ್ಲದೆ ಹೊರಬಂದಿದ್ದರೆ ಇಡೀ ಕುರಿಯ ಮಾಂಸಕ್ಕೆ ಬೀಳುತ್ತಿದ್ದ ಸುಂಕ ಹೀಗಿತ್ತು: ಬೆಲೆಯ ಮೇಲೆ ಶೇ 12.8, ಜೊತೆಗೆ 100 ಕಿಲೋಗೆ 171.3 ಯೂರೋ. 18 ಕಿಲೋ ತೂಗುವ ಒಂದು ಕುರಿ, ಕಿಲೋಗೆ 5 ಯೂರೋ ದರ ಎಂದುಕೊಳ್ಳಿ. ಬೆಲೆ 90 ಯೂರೋ. ಸುಂಕ 11.5 ಮತ್ತು 30.8 ಸೇರಿ 42 ಯೂರೋ ದಾಟುತ್ತದೆ, ಬೆಲೆಯ ಅರ್ಧದ ಹತ್ತಿರ. ವೇಲ್ಸ್‌ನ ಗುಡ್ಡಗಳಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಕಡೆ ಕುರಿಗೆ ಬದಲಿ ಇಲ್ಲ. ಹಾಗಿದ್ದೂ ವೇಲ್ಸ್ ಒಟ್ಟಾರೆ ಶೇ 52.5ರಷ್ಟು ಹೊರಬರುವ ಪರ ಮತ ಹಾಕಿತು.

2020ರ ಡಿಸೆಂಬರ್ 24ರಂದು ಕುದುರಿದ ವ್ಯಾಪಾರ ಒಪ್ಪಂದದಿಂದ ಆ ಸುಂಕ ತಪ್ಪಿತು. ತಪ್ಪದೇ ಉಳಿದದ್ದು ಕಾಗದಪತ್ರ. ಒಂದು ಲಾರಿ ಮಾಂಸ ಫ್ರಾನ್ಸ್ ಮುಟ್ಟಬೇಕಾದರೆ ರಫ್ತುದಾರ ಸುಂಕ ಘೋಷಣೆ ಸಲ್ಲಿಸಬೇಕು; ರಫ್ತು ಆರೋಗ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು; ಅಧಿಕೃತ ಪಶುವೈದ್ಯರು ಸರಕು ನೋಡಿ ಅದಕ್ಕೆ ಸಹಿ, ಮೊಹರು ಹಾಕಬೇಕು; ಆ ಮಾಂಸ ಬಂದ ತೋಟಕ್ಕೆ ಪಶುವೈದ್ಯರು ನಿಯಮಿತವಾಗಿ ಭೇಟಿ ಕೊಡುತ್ತಾರೆ ಎಂಬ ದೃಢೀಕರಣ 2022ರ ಡಿಸೆಂಬರ್‌ನಿಂದ ಬೇಕು; ಸರಕು ಬರುತ್ತಿದೆ ಎಂದು ಒಕ್ಕೂಟದ ಕಂಪ್ಯೂಟರ್ ವ್ಯವಸ್ಥೆಗೆ ಮೊದಲೇ ತಿಳಿಸಬೇಕು; ಆಮೇಲೆ ಕ್ಯಾಲೆ ಮುಂತಾದ ಬಂದರಿನ ತಪಾಸಣಾ ಠಾಣೆಯಲ್ಲಿ ಲಾರಿ ನಿಲ್ಲಬೇಕು.

ಎಡವುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲಿ. ಪ್ರಮಾಣಪತ್ರದಲ್ಲಿ ಅನ್ವಯಿಸದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡದಿರುವುದು, ಲಾರಿಯ ಸೀಲ್ ಸಂಖ್ಯೆ ಕಾಗದದಲ್ಲಿ ಒಂದು ಅಂಕಿ ತಪ್ಪಿರುವುದು, ಲಾರಿ ಒಳಹೋಗುವ ದೇಶದ ಭಾಷೆಯ ಪ್ರತಿ ಇಲ್ಲದಿರುವುದು. ಹತ್ತು ಸಣ್ಣ ವ್ಯಾಪಾರಿಗಳ ಸರಕು ಒಂದೇ ಲಾರಿಯಲ್ಲಿದ್ದರೆ ಒಬ್ಬರ ಕಾಗದ ತಪ್ಪಿದರೂ ಹತ್ತೂ ಜನರ ಮಾಂಸ ನಿಲ್ಲುತ್ತದೆ. ತಾಜಾ ಮಾಂಸಕ್ಕೆ ಪ್ರತಿ ದಿನವೂ ಬೆಲೆಯೇ. ದೊಡ್ಡ ಕಸಾಯಿಖಾನೆಗಳು ಒಂದು ಪ್ರಮಾಣಪತ್ರದ ಖರ್ಚನ್ನು ಲಾರಿ ತುಂಬ ಮಾಂಸದ ಮೇಲೆ ಹಂಚಿಕೊಳ್ಳುತ್ತವೆ. ನಾಲ್ಕು ಪೆಟ್ಟಿಗೆ ಕಳಿಸುವವನು ಅದೇ ಖರ್ಚನ್ನು ನಾಲ್ಕು ಪೆಟ್ಟಿಗೆಯ ಮೇಲೆ ಹೊರಬೇಕು. ಸಣ್ಣವರು ಹಿಂದೆ ಸರಿದದ್ದು ಇದರಿಂದ.

ಬ್ರಿಟನ್ ತಾನು ಮಾತ್ರ ಒಕ್ಕೂಟದಿಂದ ಬರುವ ಆಹಾರದ ತಪಾಸಣೆಯನ್ನು ಮತ್ತೆಮತ್ತೆ ಮುಂದೂಡಿತು. ಗಡಿಯಲ್ಲಿ ಸರಕು ತೆರೆದು ನೋಡುವ ಕೆಲಸ ಶುರುವಾದದ್ದು 2024ರ ಏಪ್ರಿಲ್ 30ರಂದು. ಮೂರು ವರ್ಷಕ್ಕೂ ಹೆಚ್ಚು ಕಾಲ ಬ್ರಿಟಿಷ್ ರೈತನ ಮಾಂಸಕ್ಕೆ ಪೂರ್ಣ ತಪಾಸಣೆ, ಎದುರಿನಿಂದ ಬರುವುದಕ್ಕೆ ಸಲೀಸು ದಾರಿ. ಹೊರಬರುವ ಪರ ಇದ್ದವರೂ ಉಳಿಯುವ ಪರ ಇದ್ದವರೂ ಒಂದೇ ದನಿಯಲ್ಲಿ ದೂರಿದ ವಿಷಯಗಳಲ್ಲಿ ಇದೂ ಒಂದು.

ಪ್ರಶ್ನೆ: ಸುಂಕವಿಲ್ಲದಿದ್ದರೂ ರಫ್ತು ಪೂರ್ತಿ ನಿಂತುಹೋದ ಸರಕುಗಳಿವೆಯೇ?

ಇವೆ. ಸ್ಕಾಟ್‌ಲೆಂಡಿನ ಬಿತ್ತನೆ ಆಲೂಗಡ್ಡೆ ಅದಕ್ಕೆ ಒಳ್ಳೆಯ ಉದಾಹರಣೆ. ತಂಪು ಹವೆಯಲ್ಲಿ ವೈರಸ್ ಹರಡುವ ಗಿಡಹೇನು ಕಡಿಮೆ, ಹಾಗಾಗಿ ಅಲ್ಲಿನ ಗಡ್ಡೆಗೆ ಒಳ್ಳೆಯ ಹೆಸರು. ಸಸ್ಯ ಆರೋಗ್ಯದ ನಿಯಮದಡಿ, ಸ್ವಿಟ್ಜರ್ಲೆಂಡ್ ಬಿಟ್ಟರೆ, ಹೊರಗಿನ ದೇಶಗಳ ಬಿತ್ತನೆ ಆಲೂಗಡ್ಡೆಗೆ ಒಕ್ಕೂಟದಲ್ಲಿ ಪ್ರವೇಶವಿಲ್ಲ. 2021ರ ಜನವರಿ 1ರಿಂದ ಆ ಬಾಗಿಲು ಮುಚ್ಚಿತು. ಶೇ 62ರಷ್ಟು ಉಳಿಯುವ ಪರ ಮತ ಹಾಕಿದ ನಾಡಿನ ಬೆಳೆಗಾರರಿಗೆ ಇದು ಇನ್ನಷ್ಟು ಕಹಿಯಾಯಿತು. ಫ್ರಿಜ್ಜಿನಲ್ಲಿಟ್ಟ ಹಸಿ ಸಾಸೇಜ್‌ಗೂ ಇದೇ ಗತಿ. ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಕಳಿಸಬೇಕು.

ಪ್ರಶ್ನೆ: ಹಣ್ಣು, ತರಕಾರಿ ಕೊಯ್ಯಲು ಕೂಲಿಯವರು ಸಿಗದೆ ಬೆಳೆ ಹೊಲದಲ್ಲೇ ಕೊಳೆಯಿತು ಎಂಬುದು ನಿಜವೇ?

ಕೆಲವು ಕಡೆ ನಿಜ. ಸ್ಟ್ರಾಬೆರಿ ಹಣ್ಣಾದ ಮೇಲೆ ಕಾಯುವುದಿಲ್ಲ; ಒಂದೆರಡು ದಿನ ತಡವಾದರೂ ಅಂಗಡಿಗೆ ಹೋಗುವ ದರ್ಜೆಯಿಂದ ಕೆಳಗಿಳಿಯುತ್ತದೆ. ಈ ಕೆಲಸಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೊಮೇನಿಯ, ಬಲ್ಗೇರಿಯದವರು, ಒಕ್ಕೂಟದ ಪ್ರಜೆಗಳು, ವೀಸಾ ಬೇಕಿರಲಿಲ್ಲ. ಹಾಗಾಗಿ ಹಣ್ಣು, ತರಕಾರಿ ಬೆಳೆಗಾರರಲ್ಲಿ ಉಳಿಯುವ ಒಲವು ಹೆಚ್ಚಿತ್ತು. ಅದೇ ತರಕಾರಿ ಸೀಮೆಯ ಮತದಾರರ ಮನಸ್ಸು ಬೇರೆಯೇ ಆಗಿತ್ತು: ಇಂಗ್ಲೆಂಡಿನ ಲಿಂಕನ್‌ಶೈರ್‌ನ ಬೋಸ್ಟನ್‌ನಲ್ಲಿ ಶೇ 75.6ರಷ್ಟು ಮತ ಹೊರಬರುವುದಕ್ಕೆ ಬಿದ್ದಿತು. ತೋಟದ ಮಾಲೀಕನ ಲೆಕ್ಕ ಒಂದು, ಅದೇ ಊರಿನಲ್ಲಿ ಬಾಡಿಗೆ ಮನೆ, ಆಸ್ಪತ್ರೆಗೆ ಸರದಿ ನಿಲ್ಲುವವನ ಲೆಕ್ಕ ಇನ್ನೊಂದು.

ಸರ್ಕಾರ 2019ರಲ್ಲಿ ಹಂಗಾಮಿ ಕೂಲಿಗಳ ವೀಸಾ ಯೋಜನೆಯನ್ನು 2,500 ಜನಕ್ಕೆ ಪ್ರಯೋಗವಾಗಿ ಆರಂಭಿಸಿತು. 2020ರಲ್ಲಿ ಅದು 10,000, 2021ರಲ್ಲಿ 30,000 ಆಯಿತು, ಆಮೇಲೂ ಏರಿತು. ವೀಸಾ ಆರು ತಿಂಗಳಿಗೆ ಮಾತ್ರ. ರೈತ ನೇರವಾಗಿ ಕರೆಸುವಂತಿಲ್ಲ, ಪರವಾನಗಿ ಪಡೆದ ಏಜೆನ್ಸಿಯ ಮೂಲಕವೇ ಹೋಗಬೇಕು. 2023ರಿಂದ ವಾರಕ್ಕೆ ಕನಿಷ್ಠ 32 ಗಂಟೆಯ ಸಂಬಳ ಕೊಡಬೇಕು, ಮಳೆ ಬಂದು ಕೆಲಸ ನಿಂತರೂ. ಕಿರ್ಗಿಸ್ತಾನ, ತಜಿಕಿಸ್ತಾನ, ಉಜ್ಬೇಕಿಸ್ತಾನ, ಇಂಡೋನೇಷ್ಯಾಗಳಿಂದಲೂ ಜನ ಬರತೊಡಗಿದರು. ಪ್ರಯಾಣ ಮತ್ತು ವೀಸಾಕ್ಕೆ ಸಾಲ ಮಾಡಿ ಬಂದವರಿಗೆ ಆರು ತಿಂಗಳಲ್ಲಿ ಅದನ್ನು ತೀರಿಸಿ ಮಿಗಿಸುವುದು ಸುಲಭವಲ್ಲ; ಕೂಲಿಯವರ ಈ ಕಷ್ಟ ರೈತರ ಚರ್ಚೆಯಲ್ಲಿ ಸಾಕಷ್ಟು ಬರುವುದಿಲ್ಲ ಎಂಬುದು ನಮ್ಮ ಖೇದ.

ಹಂದಿ ಸಾಕಣೆಯ ಪೆಟ್ಟು ಬೇರೆ ಬಗೆಯದು. 2021ರ ಶರತ್ಕಾಲದಲ್ಲಿ ಕಸಾಯಿಖಾನೆಗಳಲ್ಲಿ ಮಾಂಸ ಕತ್ತರಿಸುವ ನುರಿತ ಕೈಗಳ ಕೊರತೆಯಾಯಿತು. ಕೋವಿಡ್ ಮತ್ತು ಚೀನಾ ರಫ್ತಿನ ತೊಡಕೂ ಸೇರಿಕೊಂಡಿದ್ದವು. ಹಂದಿ ಹೊರಹೋಗದಿದ್ದರೆ ದಿನದಿನಕ್ಕೂ ದಪ್ಪವಾಗುತ್ತದೆ. ನಿಗದಿತ ತೂಕ ಮೀರಿದರೆ ಕಸಾಯಿಖಾನೆ ಬೆಲೆ ಕಡಿಯುತ್ತದೆ. ಹಿಂದಿನಿಂದ ಮರಿಗಳು ಹುಟ್ಟುತ್ತಲೇ ಇರುತ್ತವೆ, ಕೊಟ್ಟಿಗೆಯಲ್ಲಿ ಜಾಗವಿಲ್ಲ. ಆರೋಗ್ಯವಾಗಿದ್ದ ಸಾವಿರಾರು ಹಂದಿಗಳನ್ನು ತೋಟದಲ್ಲೇ ಕೊಂದು ಎಸೆಯಬೇಕಾಯಿತು. ಸರ್ಕಾರ 800 ಕಟುಕರಿಗೆ ತಾತ್ಕಾಲಿಕ ವೀಸಾ ಘೋಷಿಸಿತು. ಆ ಹೊತ್ತಿಗೆ ತಡವಾಗಿತ್ತು.

ಪ್ರಶ್ನೆ: ಉತ್ತರ ಐರ್ಲೆಂಡಿನ ಹೈನುಗಾರರ ಸ್ಥಿತಿ ಪ್ರತ್ಯೇಕವೇ?

ಪೂರ್ತಿ ಪ್ರತ್ಯೇಕ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ ಐರ್ಲೆಂಡ್ ಒಕ್ಕೂಟದಲ್ಲೇ ಇರುವ ಬೇರೆ ದೇಶ. ಅಲ್ಲಿನ ಹಾಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು 499 ಕಿಲೋಮೀಟರ್ ಉದ್ದದ ಗಡಿ ದಾಟಿ ದಕ್ಷಿಣದ ಐರ್ಲೆಂಡಿನ ಡೇರಿಗಳಿಗೆ ಹೋಗುತ್ತದೆ. ಟ್ಯಾಂಕರ್‌ಗಳನ್ನು ಗಡಿಯಲ್ಲಿ ನಿಲ್ಲಿಸಿದರೆ ಹಾಲು ಉಳಿಯದು. ಆದ್ದರಿಂದ ಆ ಭಾಗ ಆಹಾರ, ಪ್ರಾಣಿ ಆರೋಗ್ಯದ ವಿಷಯದಲ್ಲಿ ಒಕ್ಕೂಟದ ನಿಯಮದಲ್ಲೇ ಉಳಿಯಿತು. ಹಾಲು ಮಾರುವವನಿಗೆ ಅನುಕೂಲ. ಸ್ಕಾಟ್‌ಲೆಂಡಿನ ಸಂತೆಗೆ ತಳಿ ಟಗರು ಒಯ್ದವನಿಗೆ ಸಂಕಟ: ಮೊದಮೊದಲು, ಮಾರಾಟವಾಗದ ಪ್ರಾಣಿಯನ್ನು ವಾಪಸ್ ತರಲು ಆರು ತಿಂಗಳು ಅಲ್ಲೇ ಇರಿಸಬೇಕಿತ್ತು. ಇಷ್ಟಾಗಿಯೂ ಉತ್ತರ-ದಕ್ಷಿಣದ ಹಾಲು ಬೆರೆತು ತಯಾರಾದ ಬೆಣ್ಣೆ, ಹಾಲಿನ ಪುಡಿಗೆ 'ಒಕ್ಕೂಟದ ಉತ್ಪನ್ನ' ಎಂಬ ಮಾನ್ಯತೆ ಸಿಗದೆ, ಒಕ್ಕೂಟ ಬೇರೆ ದೇಶಗಳೊಂದಿಗೆ ಮಾಡಿಕೊಂಡ ಸುಂಕ ರಿಯಾಯಿತಿಗಳು ಅದಕ್ಕೆ ದಕ್ಕುವುದಿಲ್ಲ.

ಪ್ರಶ್ನೆ: ಹಳೆಯ ಸಹಾಯಧನದ ಬದಲು ಈಗ ಏನು ಸಿಗುತ್ತಿದೆ?

ರೈತರ ಕೈಯಲ್ಲಿರುವ ಹಣಕ್ಕೆ ಬಿದ್ದ ಅತಿ ದೊಡ್ಡ ಬದಲಾವಣೆ ಇಲ್ಲಿದೆ. ಇದನ್ನು ಮಾಡಿದ್ದು ಲಂಡನ್ನಿನ ಸರ್ಕಾರ, 2020ರ ಕೃಷಿ ಕಾಯ್ದೆಯ ಮೂಲಕ. ಹಿಂದೆ ಹಣ ಬರುತ್ತಿದ್ದುದು ಹೆಕ್ಟೇರ್ ಲೆಕ್ಕದಲ್ಲಿ. ಇಂಗ್ಲೆಂಡಿನ ಬಯಲು ಸೀಮೆಯಲ್ಲಿ ಹೆಕ್ಟೇರ್‌ಗೆ ಸುಮಾರು 233 ಪೌಂಡ್. 100 ಹೆಕ್ಟೇರ್ ರೈತನಿಗೆ ಸುಮಾರು 23,300. ಅದು ಇಳಿದ ಬಗೆ: 2021ರಲ್ಲಿ ಶೇ 5 ಕಡಿತ, 22,135 ಪೌಂಡ್. 2022ರಲ್ಲಿ ಶೇ 20 ಕಡಿತ, 18,640. 2023ರಲ್ಲಿ ಶೇ 35, ಸಿಕ್ಕಿದ್ದು 15,145. 2024ರಲ್ಲಿ ಅರ್ಧ, 11,650. 2025ರಲ್ಲಿ ಶೇ 76 ಕಡಿತವಾಗಿ 5,592. ದೊಡ್ಡ ಹಿಡುವಳಿಗಳಿಗೆ ಕಡಿತ ಇನ್ನೂ ಹೆಚ್ಚು. 2027ಕ್ಕೆ ಕೊನೆ.

ಬದಲಿಗೆ ಬಂದದ್ದು 'ಸಾರ್ವಜನಿಕ ಹಣ, ಸಾರ್ವಜನಿಕ ಒಳಿತಿಗೆ' ಎಂಬ ನೀತಿ. ಅದರ ಮುಖ್ಯ ಯೋಜನೆ ಎಸ್‌ಎಫ್‌ಐ, ಅಂದರೆ ಸುಸ್ಥಿರ ಬೇಸಾಯಕ್ಕೆ ಪ್ರೋತ್ಸಾಹಧನ. ಮಾಡಿದ ಕೆಲಸಕ್ಕೆ ಹಣ, 2024ರ ದರದಲ್ಲಿ ಹೀಗೆ: ಚಳಿಗಾಲದಲ್ಲಿ ಮಣ್ಣು ಮುಚ್ಚಲು ಹಲವು ಜಾತಿಯ ಹೊದಿಕೆ ಬೆಳೆ ಹಾಕಿದರೆ ಹೆಕ್ಟೇರ್‌ಗೆ 129 ಪೌಂಡ್, ಜೇನುಹುಳುಗಳಿಗಾಗಿ ಹೂಗಿಡ ಬೆಳೆಸಿದರೆ 739, ಹಕ್ಕಿಗಳಿಗೆ ಚಳಿಗಾಲದ ಕಾಳು ಬಿಟ್ಟರೆ 853. ಮಣ್ಣು ಮತ್ತು ಹಕ್ಕಿಯ ದೃಷ್ಟಿಯಿಂದ ಇದು ಹಳೆಯದಕ್ಕಿಂತ ಒಳ್ಳೆಯ ನೀತಿ ಎಂದೇ ನಾವು ಭಾವಿಸುತ್ತೇವೆ. ಆದರೆ ಎರಡರ ಮೊತ್ತವನ್ನು ನೇರವಾಗಿ ಹೋಲಿಸುವುದು ತಪ್ಪು. ಹಳೆಯ 23,300 ಪೌಂಡ್ ಬಹುಪಾಲು ಕೈಗೆ ಉಳಿಯುತ್ತಿತ್ತು. ಹೊಸ ಹಣದಲ್ಲಿ ಬೀಜ, ಉಳುಮೆ, ಆ ಜಾಗದಲ್ಲಿ ಬೆಳೆಯದೆ ಬಿಟ್ಟ ಗೋಧಿಯ ಬೆಲೆ ಎಲ್ಲ ಕಳೆಯಬೇಕು. ಬಡ ಮಣ್ಣಿನ ಮೂಲೆಗೆ ಹೂಗಿಡ ಹಾಕಿದವರಿಗೆ ಲಾಭ. ಬರೀ ಹುಲ್ಲುಗಾವಲಿರುವ ಗುಡ್ಡದ ರೈತನಿಗೆ ಆಯ್ಕೆಯೇ ಕಡಿಮೆ. ಕೆಲವರು ಇಡೀ ಹೊಲವನ್ನೇ ಹೂಗಿಡಕ್ಕೆ ಬಿಡಲು ಹೊರಟಾಗ, ಬೆಳೆ ತಪ್ಪಿಸುವ ಆರು ಬಗೆಯ ಕೆಲಸಗಳಿಗೆ ಹಿಡುವಳಿಯ ಶೇ 25ರ ಮಿತಿ ಹಾಕಿದರು. 2025ರ ಮಾರ್ಚ್ 11ರಂದು ಹಣ ಮುಗಿಯಿತೆಂದು ಹೊಸ ಅರ್ಜಿಗಳನ್ನೇ ನಿಲ್ಲಿಸಲಾಯಿತು. ಆರು ವಾರ ಮೊದಲೇ ತಿಳಿಸುತ್ತೇವೆ ಎಂದಿದ್ದ ಮಾತು ಉಳಿಯಲಿಲ್ಲ. ಬಿತ್ತನೆಯ ಯೋಜನೆಯನ್ನು ವರ್ಷ ಮೊದಲೇ ಹಾಕುವ ರೈತನಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ.

ಗೇಣಿದಾರರ ಪಾಡು ಇನ್ನೂ ಕಷ್ಟ. ಹಳೆಯ ಸಹಾಯಧನವನ್ನು ಲೆಕ್ಕಕ್ಕೆ ಹಿಡಿದೇ ಗೇಣಿ ನಿಗದಿಯಾಗಿತ್ತು. ಸಹಾಯಧನ ಇಳಿದಷ್ಟು ಬೇಗ ಗೇಣಿ ಇಳಿಯುವುದಿಲ್ಲ. ಮರ ನೆಡುವುದರಿಂದ ಹೆಚ್ಚು ಹಣ ಬಂದರೆ ಮಾಲೀಕ ಜಮೀನು ವಾಪಸ್ ಕೇಳುತ್ತಾನೆ. ನಿವೃತ್ತಿ ಬಯಸುವವರಿಗೆ 2022ರಲ್ಲಿ ಒಂದೇ ಗಂಟಿನ ಯೋಜನೆ ಬಂತು: ಹಿಂದಿನ ಸರಾಸರಿ ಸಹಾಯಧನದ 2.35 ಪಟ್ಟು, ಗರಿಷ್ಠ 99,875 ಪೌಂಡ್. ಅದನ್ನು ಪಡೆಯಲು ಜಮೀನು ಮಾರಬೇಕಿತ್ತು, ದಾನ ಕೊಡಬೇಕಿತ್ತು, ಇಲ್ಲವೇ ಕನಿಷ್ಠ ಐದು ವರ್ಷಕ್ಕೆ ಗೇಣಿಗೆ ಬಿಡಬೇಕಿತ್ತು.

ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್‌ಲೆಂಡ್ ಹೆಕ್ಟೇರ್ ಲೆಕ್ಕದ ಮೂಲ ಸಹಾಯಧನವನ್ನು ಉಳಿಸಿಕೊಂಡಿದೆ. ವೇಲ್ಸ್‌ನಲ್ಲಿ ಶೇ 10ರಷ್ಟು ಜಾಗದಲ್ಲಿ ಮರವಿರಬೇಕು ಎಂಬ ಪ್ರಸ್ತಾವಕ್ಕೆ 2024ರಲ್ಲಿ ರೈತರು ಬೀದಿಗಿಳಿದರು. ಕಾರ್ಡಿಫ್‌ನ ಶಾಸನಸಭೆಯ ಮೆಟ್ಟಿಲ ಮೇಲೆ ಸಾವಿರಾರು ಜೊತೆ ಗಂಬೂಟುಗಳನ್ನು ಇಟ್ಟು ಪ್ರತಿಭಟಿಸಿದರು.

ಪ್ರಶ್ನೆ: ಆಸ್ಟ್ರೇಲಿಯಾದ ಒಪ್ಪಂದದಿಂದ ಬ್ರಿಟಿಷ್ ರೈತರಿಗೆ ಅಪಾಯವೇ?

ತಕ್ಷಣಕ್ಕಲ್ಲ. 2023ರ ಮೇ 31ರಿಂದ ಜಾರಿಯಾದ ಆ ಒಪ್ಪಂದದಡಿ ಆಸ್ಟ್ರೇಲಿಯಾ ಮೊದಲ ವರ್ಷಕ್ಕೆ 35,000 ಟನ್ ದನದ ಮಾಂಸವನ್ನು ಸುಂಕವಿಲ್ಲದೆ ಕಳಿಸಬಹುದು. ಹತ್ತನೆಯ ವರ್ಷಕ್ಕೆ ಅದು 1,10,000 ಟನ್ ಆಗುತ್ತದೆ. ಕುರಿಮಾಂಸ 25,000ದಿಂದ 75,000 ಟನ್‌ಗೆ. ಏಷ್ಯಾದಲ್ಲಿ ಬೆಲೆ ಚೆನ್ನಾಗಿರುವಷ್ಟು ಕಾಲ ಅವರು ಇತ್ತ ತಿರುಗಲಾರರು. ಏಷ್ಯಾದ ಬೇಡಿಕೆ ಬಿದ್ದ ದಿನ ಬಾಗಿಲು ತೆರೆದೇ ಇರುತ್ತದೆ. ಹೊರಬರುವ ಪರ ದುಡಿದ ಜಾರ್ಜ್ ಯೂಸ್ಟಿಸ್ ಅವರೇ 2022ರ ನವೆಂಬರ್‌ನಲ್ಲಿ, ಸಚಿವ ಸ್ಥಾನದಿಂದ ಇಳಿದ ಮೇಲೆ, ಇದು ಬ್ರಿಟನ್‌ಗೆ ಅಷ್ಟೇನೂ ಒಳ್ಳೆಯ ಒಪ್ಪಂದವಲ್ಲ ಎಂದು ಸಂಸತ್ತಿನಲ್ಲಿ ಒಪ್ಪಿಕೊಂಡರು.

ಪ್ರಶ್ನೆ: ಈಗಲಾದರೂ ರೈತರು ಒಂದೇ ಅಭಿಪ್ರಾಯಕ್ಕೆ ಬಂದಿದ್ದಾರೆಯೇ?

ಇಲ್ಲ. 2025ರ ಮೇ 19ರಂದು ಬ್ರಿಟನ್ ಮತ್ತು ಒಕ್ಕೂಟ ಆಹಾರ, ಪ್ರಾಣಿ, ಸಸ್ಯ ಆರೋಗ್ಯದ ತಪಾಸಣೆ ಇಳಿಸುವ ಒಪ್ಪಂದಕ್ಕೆ ಮಾತುಕತೆ ನಡೆಸಲು ಒಪ್ಪಿದವು. ಬೆಲೆಯಾಗಿ ಬ್ರಿಟನ್ ಆ ವಿಷಯಗಳಲ್ಲಿ ಒಕ್ಕೂಟದ ನಿಯಮ ಬದಲಾದಂತೆಲ್ಲ ತನ್ನದನ್ನೂ ಬದಲಿಸಿಕೊಳ್ಳಬೇಕು. ಹಳೆಯ ಒಡಕು ಮತ್ತೆ ಬೆಳೆಯ ಗೆರೆಯಲ್ಲೇ ಕಾಣಿಸಿಕೊಂಡಿದೆ. ಕುರಿ, ಹಾಲು, ಬಿತ್ತನೆ ಆಲೂಗಡ್ಡೆಯವರಿಗೆ ಇದು ಬೇಕು. ಪ್ರಮಾಣಪತ್ರದ ಖರ್ಚು ಹೋಗುತ್ತದೆ, ಮುಚ್ಚಿದ ಬಾಗಿಲು ತೆರೆಯುತ್ತದೆ. ಗೋಧಿ, ಎಣ್ಣೆಕಾಳಿನವರಿಗೆ ಅಳುಕು: ಬ್ರಿಟನ್ನಿನಲ್ಲಿ ಇನ್ನೂ ಬಳಸಬಹುದಾದ ಔಷಧಿಗೆ ಒಕ್ಕೂಟದಲ್ಲಿ ಅನುಮತಿ ಇಲ್ಲದಿದ್ದರೆ ಅದನ್ನು ಬಿಡಬೇಕಾದೀತು. ಜೀನ್ ತಿದ್ದಿದ ತಳಿಗಳಿಗೆ ದಾರಿ ಮಾಡಿಕೊಟ್ಟ 2023ರ ಇಂಗ್ಲೆಂಡಿನ ಕಾಯ್ದೆಯ ಗತಿ ಏನು ಎಂಬ ಪ್ರಶ್ನೆಯೂ ಇದೆ. ಚಳಿಗಾಲದ ಗೋಧಿ ಬಿತ್ತುವುದು ಶರತ್ಕಾಲದಲ್ಲಿ, ಕೊಯ್ಯುವುದು ಮರು ಆಗಸ್ಟ್‌ನಲ್ಲಿ, ಮಾರುವುದು ಅದಕ್ಕೂ ಆಮೇಲೆ. ಬಿತ್ತುವಾಗ ಕಾನೂನುಬದ್ಧವಾಗಿದ್ದ ಔಷಧಿ ಮಾರುವ ಹೊತ್ತಿಗೆ ನಿಷಿದ್ಧವಾಗಿಬಿಟ್ಟರೆ ಆ ಕಾಳನ್ನು ಯಾರು ಕೊಳ್ಳುತ್ತಾರೆ? ಬದಲಾವಣೆಗೆ ಸಾಕಷ್ಟು ಕಾಲಾವಕಾಶ ಬೇಕು ಎಂದು ಕಾಳು ಬೆಳೆಗಾರರು ಪಟ್ಟು ಹಿಡಿದಿರುವುದು ಈ ಕಾರಣಕ್ಕೆ.